ದೇವರಾಜ ಅರಸು: ಫಾರಂ ನಂಬರ್ 7 ಮತ್ತು ಊರಲ್ಲೇ ಸಿಕ್ಕ ಬದುಕು

1974ರ ಮಾರ್ಚ್ 1. ಅಂದಿನಿಂದ ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಕೃಷಿ ಜಮೀನು, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಕಾನೂನಿನ ಪ್ರಕಾರ ಸರ್ಕಾರದ ವಶಕ್ಕೆ ಬಂತು. ಅದನ್ನು ಉಳುತ್ತಿದ್ದವರು ಆ ನೆಲದ ಒಡೆಯರಾಗಬೇಕಾದರೆ ಮಾಡಬೇಕಾಗಿದ್ದದ್ದು ಒಂದು ಕೆಲಸ. ಫಾರಂ ನಂಬರ್ 7 ಎಂಬ ಅರ್ಜಿಯನ್ನು ತುಂಬಿ ಸಲ್ಲಿಸಬೇಕಿತ್ತು.

ಹೇಳಲು ಸುಲಭ. ಆದರೆ ಆ ಕಾಲದ ಗೇಣಿದಾರನಿಗೆ ಓದು ಬರುತ್ತಿರಲಿಲ್ಲ. ಪಹಣಿಯಲ್ಲಿ ಅವನ ಹೆಸರಿರುತ್ತಿರಲಿಲ್ಲ. ಗೇಣಿ ಕೊಟ್ಟಿದ್ದಕ್ಕೆ ರಸೀದಿ ಇರುತ್ತಿರಲಿಲ್ಲ. ಅರ್ಜಿ ಹಾಕುವುದೆಂದರೆ ತಲೆಮಾರುಗಳಿಂದ ತಲೆ ಎತ್ತಿ ಮಾತಾಡದ ಧಣಿಯ ಎದುರು ನಿಲ್ಲುವುದು. ಹೀಗಿದ್ದರೂ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು.

ಸೌಲಭ್ಯ ಘೋಷಿಸುವ ಸರ್ಕಾರಗಳು ಅನೇಕ ಬಂದಿವೆ. ಅದು ಕೇಳುವವನ ಕೈಗೆ ತಲುಪುವ ದಾರಿಯನ್ನೂ ಕಾನೂನಿನೊಳಗೇ ಬರೆದಿಟ್ಟವರು ಕಡಿಮೆ. ಡಿ. ದೇವರಾಜ ಅರಸು ಅಂಥ ಕಡಿಮೆ ಜನರಲ್ಲಿ ಒಬ್ಬರು. ಅವರ ಬದುಕನ್ನು ಇಂದು ನೆನೆಯುವಾಗ ಗಮನಿಸಬೇಕಾದ ಮುಖ್ಯ ಸಂಗತಿ ಇದೇ.

ಕಲ್ಲಹಳ್ಳಿಯ ಬೇಸಾಯಗಾರ

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಕಲ್ಲಹಳ್ಳಿ ಅವರ ಕುಟುಂಬದ ಊರು. ಅರಸು ಸಮುದಾಯಕ್ಕೆ ಮೈಸೂರು ಅರಮನೆಯ ನಂಟಿತ್ತು. ಹಾಗೆಂದು ಮನೆಯಲ್ಲಿ ರಾಜವೈಭವವೇನೂ ಇರಲಿಲ್ಲ. ಇದ್ದದ್ದು ಹೊಲ, ಗದ್ದೆ, ದನಕರು. ಅವರ ತಮ್ಮ ಕೆಂಪರಾಜ ಅರಸು ಸಿನಿಮಾ ಹಾದಿ ಹಿಡಿದು ನಟ, ನಿರ್ದೇಶಕ, ನಿರ್ಮಾಪಕರಾಗಿ ಹೆಸರು ಮಾಡಿದರು.

ದೇವರಾಜ ಅರಸು ಮೈಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ ಪದವಿ ಪಡೆದರು. ಆಗಿನ ಕಾಲಕ್ಕೆ ಪದವೀಧರನಿಗೆ ಸರ್ಕಾರಿ ನೌಕರಿ ದೊಡ್ಡ ಮಾತಾಗಿರಲಿಲ್ಲ. ಅರಸು ಮಾತ್ರ ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. ಮಳೆ ಕೈಕೊಟ್ಟರೆ ಮನೆಯ ಸ್ಥಿತಿ ಏನಾಗುತ್ತದೆ, ಕೂಲಿಯವರು ಯಾವ ತಿಂಗಳಲ್ಲಿ ಸಾಲಕ್ಕೆ ಬರುತ್ತಾರೆ ಎಂಬುದನ್ನು ಅವರು ಹತ್ತಿರದಿಂದ ಕಂಡರು.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಸ್ವಾತಂತ್ರ್ಯಾನಂತರ 1952ರಲ್ಲಿ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ಶಾಸಕರಾದರು. ಆ ಕ್ಷೇತ್ರ ಅವರ ಕೈಬಿಡಲಿಲ್ಲ. ಎಸ್. ನಿಜಲಿಂಗಪ್ಪ ಅವರ ಸಂಪುಟದಲ್ಲಿ ಸಚಿವರೂ ಆದರು. ಸುಮಾರು ಎರಡು ದಶಕಗಳ ಕಾಲ ಅವರು ರಾಜ್ಯ ರಾಜಕೀಯದಲ್ಲಿ ಇದ್ದರೂ ಮೊದಲ ಸಾಲಿನ ನಾಯಕರಾಗಿರಲಿಲ್ಲ.

ತಿರುವು ಸಿಕ್ಕಿದ್ದು 1969ರಲ್ಲಿ. ಕಾಂಗ್ರೆಸ್ ಒಡೆಯಿತು. ರಾಜ್ಯದ ಘಟಾನುಘಟಿ ನಾಯಕರೆಲ್ಲ ನಿಜಲಿಂಗಪ್ಪ ಅವರ ಸಂಸ್ಥಾ ಕಾಂಗ್ರೆಸ್ ಕಡೆ ಹೋದರು. ಅರಸು ಇಂದಿರಾ ಗಾಂಧಿ ಜೊತೆ ನಿಂತರು. ಹೆಚ್ಚು ಜನರಿಲ್ಲದ ಆ ಬಣವನ್ನು ಜಿಲ್ಲೆ ಜಿಲ್ಲೆಯಲ್ಲಿ ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷ ರಾಜ್ಯದ ಎಲ್ಲ 27 ಸ್ಥಾನಗಳನ್ನು ಗೆದ್ದಿತು. ಮರುವರ್ಷ ವಿಧಾನಸಭೆಯಲ್ಲೂ ಭಾರಿ ಬಹುಮತ ಬಂತು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು.

ಸಂಖ್ಯಾಬಲವಿಲ್ಲದ ಸಮುದಾಯದ ಮುಖ್ಯಮಂತ್ರಿ

ರಾಜ್ಯ ಏಕೀಕರಣವಾದಾಗಿನಿಂದ ಅಧಿಕಾರ ಎರಡು ಪ್ರಬಲ ಸಮುದಾಯಗಳ ಸುತ್ತ ತಿರುಗುತ್ತಿತ್ತು. ಅರಸು ಸಮುದಾಯದ ಜನಸಂಖ್ಯೆ ಲೆಕ್ಕಕ್ಕೂ ಸಿಗದಷ್ಟು ಸಣ್ಣದು. ಜಾತಿಯ ಬಲದಿಂದ ಒಂದು ಕ್ಷೇತ್ರ ಗೆಲ್ಲುವುದೂ ಕಷ್ಟ. ಹಾಗಾಗಿ ಅವರು ಸದನದಲ್ಲಿ ಎಂದೂ ದನಿ ಸಿಗದ ಸಮುದಾಯಗಳತ್ತ ನೋಡಿದರು. 1972ರ ಚುನಾವಣೆಯಲ್ಲಿ ಹಿಂದುಳಿದ ವರ್ಗ, ದಲಿತ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಹೊಸಬರಿಗೆ ಟಿಕೆಟ್ ಸಿಕ್ಕಿತು. ಗುರುಮಠಕಲ್‌ನ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದ ವೀರಪ್ಪ ಮೊಯ್ಲಿ, ಜೇವರ್ಗಿಯ ಧರಂ ಸಿಂಗ್ ಅದೇ ವರ್ಷ ಮೊದಲ ಬಾರಿಗೆ ಶಾಸಕರಾದವರು.

ಇದನ್ನು ರಾಜಕೀಯ ಲೆಕ್ಕಾಚಾರ ಎಂದವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಆದರೆ ಆ ಲೆಕ್ಕಾಚಾರ ಮತ ಎಣಿಕೆಯ ದಿನಕ್ಕೇ ಮುಗಿಯಲಿಲ್ಲ. ಗೆಲ್ಲಿಸಿದ ಜನರಿಗೆ ಭೂಮಿ, ಮನೆ, ಓದು, ಕೆಲಸ ಕೊಡುವ ಸಾಲು ಸಾಲು ಕಾನೂನುಗಳಾಗಿ ಅದು ಮುಂದುವರಿಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಇವರ ಅವಧಿಯಲ್ಲೇ.

ಹಳೆಯ ಕಾನೂನು ಸೋತದ್ದೆಲ್ಲಿ?

ಭೂಸುಧಾರಣೆಯ ಮಾತು ಅರಸು ಅವರಿಂದ ಶುರುವಾದದ್ದಲ್ಲ. 1951ರಲ್ಲೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಅವರ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಕೂಡ ಬಂದಿದ್ದರು. ಬಿ.ಡಿ. ಜತ್ತಿ ಸಮಿತಿಯ ಶಿಫಾರಸಿನ ಆಧಾರದ ಮೇಲೆ 1961ರಲ್ಲಿ ಭೂಸುಧಾರಣಾ ಕಾಯ್ದೆ ರೂಪುಗೊಂಡಿತು. ಜಾರಿಗೆ ಬರುವಾಗ 1965 ಆಗಿತ್ತು.

ಆ ಕಾಯ್ದೆಯಲ್ಲಿ ಮಾಲೀಕರು ಸ್ವಂತ ಬೇಸಾಯದ ಹೆಸರಲ್ಲಿ ಜಮೀನಿನ ಒಂದು ಪಾಲನ್ನು ಹಿಂಪಡೆಯುವ ಅವಕಾಶವಿತ್ತು. ವಿವಾದವಾದರೆ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ವಕೀಲರು ಬೇಕು, ದಾಖಲೆ ಬೇಕು, ವರ್ಷಗಟ್ಟಲೆ ಅಲೆಯುವ ಶಕ್ತಿ ಬೇಕು. ಈ ಮೂರೂ ಇದ್ದದ್ದು ಮಾಲೀಕರ ಬಳಿ. ಕರಾವಳಿಯ ಚಾಲಗೇಣಿ ಒಕ್ಕಲುಗಳನ್ನು ಧಣಿ ಮನಸ್ಸು ಮಾಡಿದರೆ ಎಬ್ಬಿಸಿಬಿಡಬಹುದಿತ್ತು. ಮುಡಿ ಅಕ್ಕಿಯ ಲೆಕ್ಕದಲ್ಲಿ ಗೇಣಿ ಅಳೆದು ಕೊಟ್ಟವನ ಕೈಯಲ್ಲಿ ಸಾಕ್ಷಿಯಾಗಿ ಒಂದು ಚೀಟಿಯೂ ಉಳಿಯುತ್ತಿರಲಿಲ್ಲ. ಹಕ್ಕು ಪುಸ್ತಕದಲ್ಲಿತ್ತು, ಅದನ್ನು ಪಡೆಯುವ ಬಾಗಿಲು ದೂರದ ಕೋರ್ಟಿನಲ್ಲಿತ್ತು.

ವಕೀಲರಿಲ್ಲದ ಮಂಡಳಿ

1974ರ ತಿದ್ದುಪಡಿ ಆ ಬಾಗಿಲನ್ನೇ ತಾಲೂಕಿಗೆ ತಂದಿತು. ಪ್ರತಿ ತಾಲೂಕಿಗೆ ಭೂ ನ್ಯಾಯ ಮಂಡಳಿ ರಚನೆಯಾಯಿತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷ. ಉಳಿದವರು ಸರ್ಕಾರ ನಾಮಕರಣ ಮಾಡಿದ ಅಧಿಕಾರೇತರ ಸದಸ್ಯರು. ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಸದಸ್ಯರೊಬ್ಬರು ಇರಲೇಬೇಕಿತ್ತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಮಂಡಳಿಯ ತೀರ್ಪನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ.

ಇದರ ಪರಿಣಾಮ ದೊಡ್ಡದಿತ್ತು. ಗೇಣಿದಾರ ತನ್ನ ಮಾತನ್ನು ತನ್ನದೇ ಭಾಷೆಯಲ್ಲಿ ಹೇಳಬಹುದಿತ್ತು. ಗದ್ದೆ ಯಾರು ಉಳುತ್ತಿದ್ದಾರೆ ಎಂಬುದು ಊರಿನ ಎಲ್ಲರಿಗೂ ಗೊತ್ತಿರುವ ವಿಷಯ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಅಕ್ಕಪಕ್ಕದವರ ಹೇಳಿಕೆ, ಸ್ಥಳ ಪರಿಶೀಲನೆ ಲೆಕ್ಕಕ್ಕೆ ಬಂದವು. ನಗರದ ಕೋರ್ಟಿನಲ್ಲಿ ನಿಲ್ಲದ ಸಾಕ್ಷ್ಯ ತಾಲೂಕಿನ ಮಂಡಳಿಯಲ್ಲಿ ನಿಂತಿತು.

ಅರ್ಜಿಗೆ ಮೊದಲು ಕೊಟ್ಟ ಗಡುವು ಸಾಲಲಿಲ್ಲ. ಸುದ್ದಿ ತಲುಪದ ಊರುಗಳಿದ್ದವು, ಹೆದರಿ ಹಿಂದೆ ಸರಿದವರಿದ್ದರು. ಗಡುವನ್ನು ಹಲವು ಬಾರಿ ವಿಸ್ತರಿಸಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಹೆಚ್ಚು ಅರ್ಜಿಗಳು ಬಂದದ್ದು ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ ಮತ್ತು ಮಲೆನಾಡು ಭಾಗಗಳಿಂದ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಊರಿನ ಚಿತ್ರವೇ ಬದಲಾಯಿತು. ಅಲ್ಲಿ ರೈತ ಸಂಘಟನೆಗಳು, ಎಡಪಕ್ಷಗಳ ಮತ್ತು ಸಮಾಜವಾದಿ ಕಾರ್ಯಕರ್ತರು ಹಿಂದಿನಿಂದಲೂ ಗೇಣಿದಾರರ ನಡುವೆ ಕೆಲಸ ಮಾಡಿದ್ದರು. ಆ ನೆಲ ಮೊದಲೇ ಹದವಾಗಿದ್ದುದರಿಂದ ಕಾನೂನು ಬೇಗ ಬೇರೂರಿತು.

ಒಡೆತನ ಸಿಕ್ಕವನಿಗೆ ಮೊದಲು ಸಿಕ್ಕಿದ್ದು ಊರಲ್ಲೇ ಉಳಿಯುವ ಧೈರ್ಯ. ನಾಳೆ ಎಬ್ಬಿಸುತ್ತಾರೆಂಬ ಭಯ ಇಲ್ಲದ ಮೇಲೆ ಬಾವಿ ತೋಡಬಹುದು, ತೆಂಗು ಅಡಿಕೆ ನೆಡಬಹುದು. ಜಮೀನಿನ ಪತ್ರ ಇದ್ದರೆ ಸಹಕಾರಿ ಸಂಘದಲ್ಲಿ ಸಾಲ ಕೇಳಬಹುದು. ಗೇಣಿಗೆ ಅಳೆಯುತ್ತಿದ್ದ ಅಕ್ಕಿ ಮನೆಯಲ್ಲೇ ಉಳಿದರೆ ಮಕ್ಕಳನ್ನು ಶಾಲೆ ಬಿಡಿಸಬೇಕಾಗಿಲ್ಲ.

ಭೂಮಿಯ ಆಚೆಗೆ

ಎಲ್ಲರೂ ಗೇಣಿದಾರರಲ್ಲ. ಬರೀ ಕೂಲಿ ನಂಬಿದವರಿಗೆ ಫಾರಂ 7ರಿಂದ ಏನೂ ಸಿಗುತ್ತಿರಲಿಲ್ಲ. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕೂಲಿಕಾರರಿಗೆ ಆ ಮನೆಯ ಅಡಿಯ ನೆಲದ ಹಕ್ಕು ಪಡೆಯಲು ಅದೇ ಕಾಯ್ದೆಯಲ್ಲಿ ಅವಕಾಶ ಕಲ್ಪಿಸಲಾಯಿತು. ನಿವೇಶನ ಇಲ್ಲದವರಿಗೆ ಉಚಿತ ನಿವೇಶನ, ಜನತಾ ಮನೆಗಳು ಬಂದವು.

ಸಾಲ ಇನ್ನೊಂದು ಸರಪಳಿಯಾಗಿತ್ತು. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂರಹಿತ ಕೂಲಿಕಾರರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ಮನ್ನಾ ಮಾಡಿತು. ಅಡವಿಟ್ಟ ಪಾತ್ರೆ, ಒಡವೆಗಳು ಮರಳಿ ಮನೆಗೆ ಬಂದವು. ಕೇಂದ್ರ ಸರ್ಕಾರ ಜೀತ ಪದ್ಧತಿ ರದ್ದು ಮಾಡಿದಾಗ ರಾಜ್ಯವೂ ಜೀತದಾಳುಗಳ ಬಿಡುಗಡೆಗೆ ಕೈಹಾಕಿತು. ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು.

ಓದಿ ಮನೆಯಲ್ಲಿ ಕುಳಿತವರ ಪ್ರಶ್ನೆಯೂ ಇತ್ತು. ನಿರುದ್ಯೋಗಿ ಪದವೀಧರರಿಗೆ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಕೊಟ್ಟು ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಕೊಡುವ ಯೋಜನೆ ಆರಂಭವಾಯಿತು. ಸಾವಿರಾರು ಯುವಕ ಯುವತಿಯರು ಸ್ಟೈಪೆಂಡರಿ ಪದವೀಧರರಾಗಿ ಸೇರಿದರು. ಸ್ವಂತ ಉದ್ಯೋಗ ಮಾಡುವವರಿಗೆ ಸಾಲ ಕೊಡಲು ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿ ನಿಗಮ 1975ರಲ್ಲಿ, ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ 1977ರಲ್ಲಿ ಹುಟ್ಟಿದವು. ಎರಡನೆಯ ನಿಗಮಕ್ಕೆ ಇಂದು ಅರಸು ಅವರದೇ ಹೆಸರಿದೆ.

ಸರ್ಕಾರದಿಂದ ದಲಿತರಿಗೆ ಮಂಜೂರಾದ ಭೂಮಿ ಬೇರೆಯವರ ಪಾಲಾಗುತ್ತಿದ್ದುದನ್ನು ತಡೆಯಲು ಮತ್ತೊಂದು ಕಾಯ್ದೆ ಬಂತು. ಜನರ ಬಾಯಲ್ಲಿ ಪಿಟಿಸಿಎಲ್ ಎಂದೇ ಹೆಸರಾದ 1978ರ ಆ ಕಾಯ್ದೆಯ ಅಡಿ, ನಿಯಮ ಮೀರಿ ಮಾರಾಟವಾದ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಮರಳಿಸಬಹುದು. ಇಂದಿಗೂ ರಾಜ್ಯದ ಕಂದಾಯ ಕಚೇರಿಗಳಲ್ಲಿ ಈ ಕಾಯ್ದೆಯ ಪ್ರಕರಣಗಳು ನಡೆಯುತ್ತಲೇ ಇವೆ.

ಹಾವನೂರ ವರದಿ

1972ರ ಆಗಸ್ಟ್‌ನಲ್ಲಿ ವಕೀಲ ಎಲ್.ಜಿ. ಹಾವನೂರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. ಆಯೋಗ ಊರೂರಿಗೆ ಹೋಗಿ ಸಮೀಕ್ಷೆ ನಡೆಸಿತು. ಶಾಲೆ ಮುಗಿಸಿದವರೆಷ್ಟು, ಸರ್ಕಾರಿ ಕೆಲಸದಲ್ಲಿರುವವರೆಷ್ಟು ಎಂದು ಸಮುದಾಯವಾರು ಎಣಿಸಿತು. 1975ರ ನವೆಂಬರ್‌ನಲ್ಲಿ ವರದಿ ಸಲ್ಲಿಕೆಯಾಯಿತು, 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿ ಆದೇಶ ಹೊರಬಿತ್ತು. ಮಂಡಲ್ ಆಯೋಗ ನೇಮಕವಾಗುವ ಮೊದಲೇ ಕರ್ನಾಟಕ ಈ ಹಾದಿಯಲ್ಲಿ ಸಾಕಷ್ಟು ದೂರ ಬಂದಿತ್ತು.

ಮೀಸಲಾತಿ ಮಾತ್ರ ಇದ್ದರೆ ಹಳ್ಳಿಯ ಹುಡುಗ ಕಾಲೇಜು ಬಾಗಿಲಿಗೆ ಬರುತ್ತಿರಲಿಲ್ಲ. ಹಾಸ್ಟೆಲ್, ವಿದ್ಯಾರ್ಥಿವೇತನ ಜೊತೆಯಾದವು. ತಾಲೂಕು ಕೇಂದ್ರದ ಹಾಸ್ಟೆಲಿನಲ್ಲಿ ಉಂಡು ಓದಿದ ಒಂದು ತಲೆಮಾರು ಮುಂದೆ ಶಿಕ್ಷಕರಾಗಿ, ಗುಮಾಸ್ತರಾಗಿ, ಎಂಜಿನಿಯರ್‌ಗಳಾಗಿ ಹೊರಬಂತು.

ಹೊರಗೆ ಉಳಿದವರು

ಅರಸು ಅವರನ್ನು ಹೊಗಳುವಾಗ ಮರೆಯಬಾರದ ಸಂಗತಿಗಳೂ ಇವೆ. ಮಿತಿಗಿಂತ ಹೆಚ್ಚಿದ್ದ ಭೂಮಿಯನ್ನು ವಶಪಡಿಸಿ ಹಂಚುವ ಕೆಲಸ ನಿರೀಕ್ಷೆಯಷ್ಟು ಸಾಗಲಿಲ್ಲ. ದೊಡ್ಡ ಹಿಡುವಳಿದಾರರು ಕುಟುಂಬದವರ ಹೆಸರಿಗೆ ಹಂಚಿ ತಪ್ಪಿಸಿಕೊಂಡರು. ಗೇಣಿ ಕಡಿಮೆ ಇದ್ದ ಬಯಲುಸೀಮೆಯಲ್ಲಿ ಕಾನೂನಿನ ಫಲವೂ ಕಡಿಮೆ. ಭೂರಹಿತ ದಲಿತರಲ್ಲಿ ಬಹುಪಾಲು ಜನ ಭೂರಹಿತರಾಗಿಯೇ ಉಳಿದರು. ಗದ್ದೆಯಲ್ಲಿ ಸಮಸಮ ದುಡಿದ ಹೆಂಗಸರ ಹೆಸರು ಹೆಚ್ಚಿನ ಪತ್ರಗಳಲ್ಲಿ ಬರಲಿಲ್ಲ.

ಕಳೆದುಕೊಂಡವರೆಲ್ಲ ಶ್ರೀಮಂತ ಧಣಿಗಳೂ ಆಗಿರಲಿಲ್ಲ. ಎರಡೆಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಯರು, ದೇವಸ್ಥಾನದ ಅರ್ಚಕರು, ಸಣ್ಣ ಮಾಲೀಕರು ಕೂಡ ಜಮೀನು ಬಿಡಬೇಕಾಯಿತು. ಪರಿಹಾರದ ಹಣ ಕಡಿಮೆ, ಅದೂ ತಡವಾಗಿ ಬಂತು. ಕರಾವಳಿಯಿಂದ ಮುಂಬೈಗೆ ಹೋಗುವ ದಾರಿ ಹಳೆಯದೇ. ಗೇಣಿ ಬರುವುದು ನಿಂತ ಮನೆಗಳ ಕೆಲವು ಕಿರಿಯರೂ ಅದೇ ದಾರಿ ಹಿಡಿದು ಹೋಟೆಲು, ಕಚೇರಿಗಳಲ್ಲಿ ಕೆಲಸ ಹುಡುಕಿದರು. ಇತ್ತ ಭೂಮಿ ಪಡೆದ ಒಕ್ಕಲು ಮನೆಗಳ ಮಕ್ಕಳು ಓದಿ, ಮುಂದಿನ ದಶಕಗಳಲ್ಲಿ ಅದೇ ನಗರಗಳಿಗೆ ಬಂದರು. ಮುಂಬೈ, ಪುಣೆಯ ಕರಾವಳಿ ಕನ್ನಡಿಗರ ಅನೇಕ ಮನೆಗಳಲ್ಲಿ ಡಿಕ್ಲರೇಶನ್ ಎಂಬ ಪದ ಈಗಲೂ ಎರಡು ಬೇರೆ ದನಿಗಳಲ್ಲಿ ಕೇಳಿಸುತ್ತದೆ.

ಅರಸು ಆಡಳಿತದ ಮೇಲೆ ಕಲೆಗಳೂ ಇದ್ದವು. ತುರ್ತು ಪರಿಸ್ಥಿತಿಯಲ್ಲಿ ಅವರದೇ ಸರ್ಕಾರದ ಬೆಂಗಳೂರು ಜೈಲಿನಲ್ಲಿ ರಾಷ್ಟ್ರ ನಾಯಕರು ಬಂಧನದಲ್ಲಿದ್ದರು. ಜೈಲುವಾಸದಲ್ಲಿ ಆರೋಗ್ಯ ಕೆಟ್ಟ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಕೇಂದ್ರ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ಕೆಲವು ಆರೋಪಗಳಲ್ಲಿ ಅವರ ವಿರುದ್ಧ ವರದಿ ಕೊಟ್ಟಿತು.

ಏರಿದ ವೇಗದಲ್ಲೇ ಇಳಿತ

1977ರ ಡಿಸೆಂಬರ್ 31ರಂದು ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಡಳಿತ ಬಂತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಮತ್ತೆ ಅರಸು ಅವರನ್ನೇ ಆರಿಸಿದರು. ದೇಶದ ಅನೇಕ ಕಡೆ ಸೋತಿದ್ದ ಇಂದಿರಾ ಗಾಂಧಿ ಅವರಿಗೆ 1978ರ ನವೆಂಬರ್‌ನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಸಂಸತ್ತಿನ ದಾರಿ ತೆರೆದುಕೊಟ್ಟದ್ದು ಇದೇ ಕರ್ನಾಟಕ. ಅದರ ಹಿಂದೆ ನಿಂತವರು ಅರಸು.

ಆದರೆ ಇಬ್ಬರ ನಡುವಿನ ಸಂಬಂಧ ಬೇಗ ಹಳಸಿತು. 1979ರಲ್ಲಿ ಅರಸು ಪಕ್ಷದಿಂದ ಹೊರಬಿದ್ದು ತಮ್ಮದೇ ಕಾಂಗ್ರೆಸ್ ಕಟ್ಟಿದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ ರಾಜ್ಯದ 28ರಲ್ಲಿ 27 ಸ್ಥಾನ ಬಾಚಿಕೊಂಡಿತು. ಭೂಮಿ ಕೊಟ್ಟವರು ಯಾರು ಎಂದರೆ ಹಳ್ಳಿಯ ಮತದಾರ ಇಂದಿರಮ್ಮನ ಹೆಸರನ್ನೇ ಹೇಳಿದ. ಅರಸು ರಾಜೀನಾಮೆ ಕೊಟ್ಟರು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಹೊಸ ಪಕ್ಷ ಕಟ್ಟುವ ಯತ್ನದಲ್ಲಿದ್ದಾಗಲೇ, 1982ರ ಜೂನ್ 6ರಂದು ಅರಸು ನಿಧನರಾದರು. ಆಗ ಅವರಿಗೆ 66 ವರ್ಷ.

ಉಳಿದದ್ದೇನು?

ಇಂದು ಮೈಸೂರಿನ ಪ್ರಮುಖ ವಾಣಿಜ್ಯ ರಸ್ತೆಗೆ ಅವರ ಹೆಸರಿದೆ. ಪ್ರತಿ ಆಗಸ್ಟ್ 20ರಂದು ಸರ್ಕಾರ ಅವರ ಜನ್ಮದಿನ ಆಚರಿಸುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೊಂದು ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಇದ್ದ ತಡೆ ತೆರವಾಯಿತು. ಅರಸು ಕಾಲದ ಕಾನೂನಿನ ಒಂದು ಮುಖ್ಯ ಗೋಡೆ ಅಲ್ಲಿಗೆ ಕುಸಿಯಿತು. ಆದರೆ ಗೇಣಿದಾರರಿಗೆ ಹೋದ ನೆಲ ಹಿಂದಿರುಗಲಿಲ್ಲ.

ಇಂದು ಸೌಲಭ್ಯಗಳ ಪಟ್ಟಿ ಉದ್ದವಾಗಿದೆ, ಅರ್ಜಿ ಮೊಬೈಲಿಗೇ ಬಂದಿದೆ. ಹಾಗಿದ್ದೂ ಒಂದು ದಾಖಲೆ ಇಲ್ಲದ ಕಾರಣಕ್ಕೆ, ಹೆಸರಿನ ಒಂದಕ್ಷರ ತಪ್ಪಿದ ಕಾರಣಕ್ಕೆ ಪಿಂಚಣಿ, ಪಡಿತರ ತಪ್ಪಿಸಿಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ. ಐವತ್ತು ವರ್ಷಗಳ ಹಿಂದೆ, ಕಾಗದ ಇಲ್ಲದವನ ಮಾತನ್ನು ಅವನ ತಾಲೂಕಿನಲ್ಲೇ, ಅವನನ್ನು ಬಲ್ಲವರ ಎದುರಿನಲ್ಲೇ ಕೇಳಬೇಕು ಎಂದು ಒಂದು ಸರ್ಕಾರ ಕಾನೂನು ಬರೆದಿತ್ತು. ಫಾರಂ ನಂಬರ್ 7ರ ಹಳದಿಯಾದ ಪ್ರತಿಗಳನ್ನು ಇಂದಿಗೂ ಟ್ರಂಕಿನಲ್ಲಿ ಜೋಪಾನವಾಗಿಟ್ಟ ಮನೆಗಳಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.